ಗೊಂಬೆಗೆ ಕೊಟ್ಟ ರಿಯಾಯಿತಿ

ಮದುವೆಯಾಗಿ ಬಂದ ಹೊಸದರಲ್ಲಿ ಅವಳು ಕಟ್ಟಡಗಳ ನಕ್ಷೆ ಬರೆಯುತ್ತಿದ್ದಳು. ಅದನ್ನು ಯಾರ ಮುಂದೆ ಬೇಕಾದರೂ ತಲೆಯೆತ್ತಿ ಹೇಳಬಹುದಿತ್ತು. ಈಗ ಮಾಡುವ ಕೆಲಸವನ್ನು ವಿವರಿಸಹೊರಟರೆ ನಾಲಿಗೆ ತಡವರಿಸುತ್ತದೆ. ಒಮ್ಮೆ ಅತ್ತೆ ಪಟ್ಟು ಹಿಡಿದು ಕೇಳಿದಾಗ, "ಕಂಪ್ಯೂಟರ್ ಆಟ ಅತ್ತೆ. ಅದರಲ್ಲಿ ಒಂದು ಗೊಂಬೆ ಇರುತ್ತೆ. ಅದು ಯಾರ ಕಣ್ಣಿಗೂ ಬೀಳದ ಹಾಗೆ ಒಂದು ಮನೆ ಒಳಗೆ ಹೋಗಿ, ಬೇಕಾದ್ದನ್ನ ತಗೊಂಡು ಹೊರಗೆ ಬರಬೇಕು. ಆ ಮನೆ ಕಟ್ಟೋದು, ಕಾವಲಿನವರನ್ನ ನಿಲ್ಲಿಸೋದು, ಗೊಂಬೆ ಓಡಾಡೋಕೆ ದಾರಿ ಬಿಡೋದು ನನ್ನ ಕೆಲಸ," ಎಂದಿದ್ದಳು. ಅತ್ತೆ ಸ್ವಲ್ಪ ಹೊತ್ತು ಯೋಚಿಸಿ, "ಅಂದ್ರೆ ಕಳ್ಳತನ ಕಲಿಸೋದಕ್ಕೂ ಸಂಬಳ ಕೊಡ್ತಾರೆ ಅನ್ನು," ಎಂದರು. ಅಂದಿನಿಂದ ಬಂದುಹೋಗುವವರ ಮುಂದೆ ಸೊಸೆಯದು "ಅದೇನೋ ಆಫೀಸು ಕೆಲಸ" ಎಂದು ಹೇಳಿ ಮಾತು ತಿರುಗಿಸುತ್ತಾರೆ.

ಆಫೀಸು ಒಂದು ಮಂಚ ಕುರ್ಚಿಗಳ ಅಂಗಡಿಯ ಮೇಲಿನ ಮಹಡಿಯಲ್ಲಿದೆ. ಕಂಪ್ಯೂಟರುಗಳ ಮೇಲೆ ಬೆಳಕು ಬೀಳಬಾರದೆಂದು ಕಿಟಕಿಗಳಿಗೆಲ್ಲ ಕಪ್ಪು ಕಾಗದ ಅಂಟಿಸಿದ್ದಾರೆ. ಮಧ್ಯಾಹ್ನವಾಯಿತು ಎಂಬುದನ್ನು ಹೊಟ್ಟೆಯೇ ಹೇಳಬೇಕು. ಅವಳ ಕುರ್ಚಿಯ ಒಂದು ತೋಳು ಮುರಿದುಹೋಗಿ ಎಷ್ಟೋ ಕಾಲವಾಯಿತು. ಎಡಗೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಸಂಜೆಯ ಹೊತ್ತಿಗೆ ಕುತ್ತಿಗೆ ಹಿಡಿದುಕೊಳ್ಳುತ್ತದೆ. ಅಲ್ಲಿರುವವರೆಲ್ಲ ಅವಳಿಗಿಂತ ಕಿರಿಯರು, ಎಲ್ಲರಿಗೂ ಅವಳು "ಅಕ್ಕ". ಯಜಮಾನನೊಬ್ಬ ಮಾತ್ರ ಹೆಚ್ಚುಕಡಿಮೆ ಅವಳ ವಯಸ್ಸಿನವನು. ಆತ ಬಾಯಿ ತೆರೆದರೆ ಸ್ವಾತಂತ್ರ್ಯ. "ಆಡೋರಿಗೆ ಸ್ವಾತಂತ್ರ್ಯ ಬೇಕು. ಎಲ್ಲಿ ಬೇಕಾದ್ರೂ ಹತ್ತಬೇಕು, ಎಲ್ಲಿ ಬೇಕಾದ್ರೂ ನುಗ್ಗಬೇಕು," ಎಂದು ಮೇಜು ಕುಟ್ಟುತ್ತಾನೆ. ಅದೇ ಮನುಷ್ಯನ ಹತ್ತಿರ ಹೋಗಿ ಅರ್ಧ ದಿನ ರಜೆ ಕೇಳಿ ನೋಡಿ, ಮುಖ ಹುಳ್ಳಗಾಗುತ್ತದೆ.

ಅವಳಿಗೆ ಆ ಮಾತು ಅರ್ಧ ಮಾತ್ರ ಒಪ್ಪಿಗೆ. ಗೋಡೆಯೇ ಇಲ್ಲದ ಕಡೆ ಅಡಗುವುದೆಲ್ಲಿ? ಎಲ್ಲ ಗೋಡೆಗಳನ್ನೂ ಹತ್ತಬಹುದು ಎಂದುಬಿಟ್ಟರೆ ಯಾವ ಗೋಡೆಯನ್ನೂ ಯಾರೂ ಕಣ್ಣೆತ್ತಿ ನೋಡುವುದಿಲ್ಲ. ಎದುರಿಗೊಂದು ಬಾಗಿಲಿರಬೇಕು, ಬಾಗಿಲಲ್ಲಿ ಕಾವಲಿನವನಿರಬೇಕು, ಆಡುವವನು ಇನ್ನು ಆಗುವುದಿಲ್ಲವೆಂದು ಕೈಚೆಲ್ಲುವ ಹಂತಕ್ಕೆ ಬರಬೇಕು. ಆಗ ಮೆಲ್ಲಗೆ ಅವನ ಕಣ್ಣಿಗೇ ಬೀಳಬೇಕು: ಅಗೋ ಅಲ್ಲಿ ಅರ್ಧ ತೆರೆದ ಕಿಟಕಿ, ಇಗೋ ಇಲ್ಲಿ ಗೋಡೆಗುಂಟ ಇಳಿದ ಕೊಳವೆ, ಅಲ್ಲೊಂದು ಹಿಂದಿನ ಮೆಟ್ಟಿಲು. ಯಾವುದನ್ನು ಹಿಡಿಯುವುದು ಎಂಬುದು ಅವನಿಗೆ ಬಿಟ್ಟದ್ದು. ಒಂದೇ ದಾರಿಯಿರುವ ಮನೆಯನ್ನು ಅವಳು ಯಾವತ್ತೂ ಕಟ್ಟಿದವಳಲ್ಲ. ಎಷ್ಟೇ ದಣಿದಿದ್ದರೂ, ಇದೊಂದರಲ್ಲಿ ಅವಳು ಯಾರಿಗೂ ಮಣಿಯುತ್ತಿರಲಿಲ್ಲ.

ಆದರೆ ದಣಿವು ಬೇರೆ ಕಡೆಯಿಂದ ಬಂತು. ಜನ ವಾಸಮಾಡುವ ಕಟ್ಟಡವೊಂದು ಆಟದೊಳಗೆ ಬೇಕು, ಅದೂ ಬೇಗ ಬೇಕು ಎಂದು ಯಜಮಾನ ಬೆನ್ನುಬಿದ್ದ. ಅವಳ ತಲೆ ಖಾಲಿ. ಕೋಟೆ, ಕಾರ್ಖಾನೆ, ಹಡಗು, ಎಲ್ಲ ಕಟ್ಟಿ ಮುಗಿಸಿ ಇನ್ನೇನೂ ಉಳಿದಿರಲಿಲ್ಲ. ಒಂದು ಬೆಳಿಗ್ಗೆ ಹಾಲು ಕಾಯಿಸಲು ಇಟ್ಟು ಅಡುಗೆಮನೆಯ ಬಾಲ್ಕನಿಯಲ್ಲಿ ನಿಂತಿದ್ದವಳು, ಕಣ್ಣೆದುರಿಗಿದ್ದುದನ್ನೇ ಎತ್ತಿ ಆಟದೊಳಗಿಟ್ಟರೆ ಯಾರಪ್ಪನ ಗಂಟು ಹೋಗುತ್ತದೆ ಎಂದುಕೊಂಡಳು. ಹಾಲು ಉಕ್ಕಿ ಒಲೆಯೆಲ್ಲ ಹಾಳಾಯಿತು, ಆದರೆ ಕಟ್ಟಡ ಸಿಕ್ಕಿತು.

ಹಾಗಾಗಿ ಅವಳ ಮನೆ ಇದ್ದಹಾಗೆಯೇ ಆಟದೊಳಗೆ ಹೋಯಿತು. ಎರಡನೆಯ ಮಹಡಿ, ಹಜಾರ, ಒಳಕೋಣೆ, ಅಡುಗೆಮನೆ, ಬಟ್ಟೆ ಒಣಹಾಕುವ ಬಾಲ್ಕನಿ, ಬಾಲ್ಕನಿಯ ಕಂಬಿಯ ಆಚೆ ಕೆಳಗಿನವರ ಕಿಟಕಿಗೆ ನೆರಳಾಗಿ ಚಾಚಿದ ಕಿರಿದಾದ ಸಜ್ಜಾ, ಅದರಾಚೆ ಸ್ಕೂಟರು ನಿಲ್ಲಿಸುವ ಸಂದಿ, ಸಂದಿಯ ಆಚೆ ಪಕ್ಕದ ಹಳೇ ಕಟ್ಟಡದ ತಾರಸಿ. ತಾರಸಿ ಸಜ್ಜಾಕ್ಕಿಂತ ತುಸು ಕೆಳಗೆ. ಅಳತೆಗಳನ್ನು ಚಾಚೂ ತಪ್ಪದೆ ಇಟ್ಟಳು. ನಕ್ಷೆ ಬರೆದ ಕೈಗೆ ಸುಳ್ಳು ಅಳತೆ ಹಾಕುವುದು ಒಗ್ಗುವುದಿಲ್ಲ. ಬೇರೆ ಆಟಗಳಲ್ಲಿ ಕಾವಲಿನವರು ಅತ್ತಿತ್ತ ಓಡಾಡುತ್ತಾರೆ, ಬೆನ್ನು ತಿರುಗಿಸುತ್ತಾರೆ. ಇಲ್ಲಿ ಬಾಗಿಲಿಗೆ ಮುಖ ಮಾಡಿ ಕುರ್ಚಿಯಲ್ಲಿ ಕೂತ ಒಬ್ಬ ಮುದುಕಿ. ಓಡಾಡುವುದಿಲ್ಲ, ತೂಕಡಿಸುವುದಿಲ್ಲ, ಯಾವ ಆಮಿಷಕ್ಕೂ ಬಗ್ಗುವುದಿಲ್ಲ. ಆಫೀಸಿನಲ್ಲಿ ಆಡಿ ನೋಡಿದವರೆಲ್ಲ ಇಷ್ಟು ಭಯಂಕರ ಕಾವಲು ಇದುವರೆಗೆ ಕಂಡಿಲ್ಲ ಎಂದರು. ಯಾರ ಮಾದರಿ ಎಂದು ಅವಳು ಬಾಯಿಬಿಡಲಿಲ್ಲ.

ತೊಂದರೆ ಬಂದದ್ದು ಸಂದಿಯಲ್ಲಿ. ಗೊಂಬೆಯ ಕೈಕಾಲು ಆಡಿಸುವ ಕೆಲಸದವನೊಬ್ಬನಿದ್ದಾನೆ, ಆಫೀಸಿನಲ್ಲಿ ಅವನ ಹೆಸರೇ "ನಡಿಗೆ". ಗೊಂಬೆಯಿಂದ ಏನೆಲ್ಲ ಲಾಗ ಹಾಕಿಸುವ ಆ ಮನುಷ್ಯ ಸ್ವತಃ ಒಂದು ಮಹಡಿಗೂ ಲಿಫ್ಟಿಗೆ ಕಾಯುತ್ತಾನೆ. ಅವನು ಬಂದು, "ಅಕ್ಕಾ, ನಿಮ್ಮ ಸಂದಿ ಅಗಲ ಜಾಸ್ತಿ ಆಯ್ತು. ಹೋಗುವಾಗ ಹೇಗೋ ದಾಟ್ತಾರೆ, ವಾಪಸ್ ಬರುವಾಗ ಎಲ್ಲರೂ ಬೀಳ್ತಾ ಇದ್ದಾರೆ. ಬಿದ್ದೋರು ತಮ್ಮನ್ನ ಬೈಕೊಳ್ಳಲ್ಲ, ಆಟಾನ ಬೈತಾರೆ," ಎಂದ.

"ಅಗಲ ಕಮ್ಮಿ ಮಾಡಲ್ಲ. ನೋಡಿದ್ರೆ ಎದೆ ಝಲ್ ಅನ್ನಬೇಕು."

"ಝಲ್ ಅನ್ನಲಿ ಬಿಡಿ. ನಾನು ಗೊಂಬೆಗೆ ಸ್ವಲ್ಪ ರಿಯಾಯಿತಿ ಕೊಡ್ತೀನಿ."

ರಿಯಾಯಿತಿ ಎಂದರೆ ಇಷ್ಟು. ಗೊಂಬೆಯ ಕಾಲು ಅಂಚು ಬಿಟ್ಟು ಗಾಳಿಗೆ ಹೋದಮೇಲೂ ಒಂದು ಕ್ಷಣ ಆಟ ಅದನ್ನು ನೆಲದ ಮೇಲಿದೆ ಎಂದೇ ಎಣಿಸುತ್ತದೆ. ಆ ಕ್ಷಣದಲ್ಲಿ ಹಾರಿದರೂ ಹಾರಿದ ಹಾಗೆ. ತಡವಾಗಿ ಹಾರಿದಷ್ಟೂ ತುಸು ದೂರವೇ ಸಿಗುತ್ತದೆ. ಅಷ್ಟಾಗಿಯೂ ಕೈಗೆ ಅಂಚು ಎಟುಕದಿದ್ದರೆ ಗೊಂಬೆಯ ಕೈಯೇ ಉದ್ದವಾಗಿ ಹಿಡಿದುಕೊಳ್ಳುತ್ತದೆ. ಇದೆಲ್ಲ ಕಣ್ಣು ಮಿಟುಕಿಸುವುದರೊಳಗೆ ಮುಗಿಯುವುದರಿಂದ ಆಡುವವನಿಗೆ ಪತ್ತೆಯಾಗುವುದಿಲ್ಲ. ಯಾರಿಗೂ ಹೇಳಬಾರದು ಎಂಬುದೇ ಈ ಕಸುಬಿನ ಕಟ್ಟಳೆ. ಹೇಳಿದರೆ ದಾಟಿದವನ ಹೆಮ್ಮೆ ಮಣ್ಣುಪಾಲು. ಅವತ್ತಿನಿಂದ ಆ ಸಂದಿಯಲ್ಲಿ ಬೀಳುವವರು ಇಲ್ಲವಾದರು, ಎಲ್ಲರೂ ತಮ್ಮ ಚುರುಕುತನಕ್ಕೆ ತಾವೇ ಬೆನ್ನು ಚಪ್ಪರಿಸಿಕೊಂಡರು.

ಆಟ ಬಿಡುಗಡೆಯಾಗುವ ಮೊದಲು ಮನೆಗೆ ತಂದು ಮಗಳಿಂದ ಆಡಿಸುವುದು ಅವಳ ವಾಡಿಕೆ. ಹೈಸ್ಕೂಲಿನ ಕೊನೆಯ ವರ್ಷದ ಹುಡುಗಿ. ಮನೆಯಲ್ಲಿ "ಇವತ್ತು ಏನು ಕಟ್ಟಿದೆ?" ಎಂದು ಕೇಳುವ ಜೀವ ಇದೊಂದೇ. ಗಂಡ ಔಷಧಿ ಗೋದಾಮಿನಿಂದ ಬಂದು ಊಟ ಮಾಡಿ ಸುದ್ದಿ ನೋಡುತ್ತಾನೆ, ಕೆಟ್ಟವನಲ್ಲ, ಕೇಳುವುದಿಲ್ಲ ಅಷ್ಟೆ.

ಆಟ ಶುರುವಾದ ಕೂಡಲೇ ಮಗಳು ಕುರ್ಚಿಯಿಂದ ಎದ್ದಳು. "ಅಮ್ಮಾ, ಇದು ನಮ್ಮನೆ! ಅಯ್ಯೋ, ಇದು ಅಜ್ಜಿ!"

"ಮೆಲ್ಲಗೆ ಮಾತಾಡೆ, ಕೇಳಿಸ್ಕೊಂಡಾರು."

ಇಬ್ಬರೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಆಮೇಲೆ ಮಗಳು ಅದೊಂದೇ ಹಂತವನ್ನು ಮತ್ತೆ ಮತ್ತೆ ಆಡಿದಳು. ಬರಿಗಾಲಲ್ಲಿ ನಡೆದರೆ ಸದ್ದು ಕೇಳುವುದಿಲ್ಲ ಎಂದು ಕಂಡುಕೊಂಡಳು, ಹಜಾರದ ಕಡೆ ಸುಳಿಯದೆ ಬಾಲ್ಕನಿಯಿಂದ ಹಾದುಹೋಗುವುದನ್ನು ಕಂಡುಕೊಂಡಳು. ಒಂದು ದಿನ ಕಣ್ಣರಳಿಸಿಕೊಂಡು ಬಂದು, "ಸಂದಿ ದಾಟೋ ಗುಟ್ಟು ಗೊತ್ತಾಯ್ತಮ್ಮ. ಕೊನೇ ಗಳಿಗೇಲಿ ಹಾರಬೇಕು. ಪಾದ ಅರ್ಧ ಆಚೆ ಹೋದಮೇಲೆ. ಆಗ ದೂರ ಸಿಗುತ್ತೆ. ನಾನೇ ಕಂಡುಹಿಡಿದೆ," ಎಂದಳು.

"ಭೇಷ್," ಎಂದಳು ತಾಯಿ. ಮಗಳ ಮುಖದಲ್ಲಿ ಆ ಹೊಳಪು ಕಂಡು ಎಷ್ಟೋ ದಿನವಾಗಿತ್ತು. ಗುಟ್ಟು ರಟ್ಟುಮಾಡಿ ಅದನ್ನು ಆರಿಸುವ ಮನಸ್ಸು ಯಾವ ತಾಯಿಗೆ ಬಂದೀತು?

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಅಂಕ ಕುಸಿದವು. ಗಂಡ ದನಿಯೇರಿಸುವ ಪೈಕಿಯಲ್ಲ. ಊಟದ ತಟ್ಟೆಯ ಮುಂದೆ ಕೂತು ತಣ್ಣಗೆ ತೀರ್ಮಾನ ಹೇಳಿದ. ಶಾಲೆ ಬಿಟ್ಟರೆ ಮನೆ. ಗೆಳತಿಯರ ಮನೆ ಬೇಡ, ಸಂಜೆಯ ಆಟ ಬೇಡ, ಕಂಪ್ಯೂಟರ್ ಬೇಡ, ಫೋನು ಬೀರುವಿನಲ್ಲಿ. ಪರೀಕ್ಷೆ ಮುಗಿಯುವವರೆಗೆ ಹುಡುಗಿ ಒಳಕೋಣೆಯಲ್ಲಿ ಓದಬೇಕು, ಅಜ್ಜಿ ಹಜಾರದಲ್ಲಿ ಕೂತು ಬಾಗಿಲು ನೋಡಿಕೊಳ್ಳಬೇಕು. ಅತ್ತೆಗೆ ಇದಕ್ಕಿಂತ ದೊಡ್ಡ ಪದವಿ ಯಾರೂ ಕೊಟ್ಟಿರಲಿಲ್ಲ, ಕುರ್ಚಿಯನ್ನು ಇನ್ನಷ್ಟು ಬಾಗಿಲ ಹತ್ತಿರ ಎಳೆದುಕೊಂಡರು. "ಏನಂತೀಯ?" ಎಂದು ಗಂಡ ಇವಳನ್ನು ಕೇಳಿದ. ಇವಳು ಅವತ್ತು ಯಜಮಾನನ ಜತೆ ದಿನವಿಡೀ ಗುದ್ದಾಡಿ ಬಂದಿದ್ದಳು, ಕುತ್ತಿಗೆ ತಿರುಗುತ್ತಿರಲಿಲ್ಲ. ತಟ್ಟೆ ತೊಳೆಯುತ್ತ "ಸರಿ" ಎಂದಳು. ಮಗಳು ಒಮ್ಮೆ ಅಮ್ಮನ ಬೆನ್ನು ನೋಡಿ ಎದ್ದುಹೋದಳು. ಅಳಲಿಲ್ಲ, ರಂಪ ಮಾಡಲಿಲ್ಲ. ಆಡುವವನು ಹಾಗೆ ಸುಮ್ಮನಾದನೆಂದರೆ ದಾರಿ ಹುಡುಕುತ್ತಿದ್ದಾನೆ ಎಂದೇ ಅರ್ಥ. ಅದು ಇವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕಿತ್ತು?

ಒಂದು ದಿನ ಆಫೀಸಿನ ಏಸಿ ಕೆಟ್ಟು ಯಂತ್ರಗಳೆಲ್ಲ ಕಾದುಹೋದವು. ಯಜಮಾನ ಒಲ್ಲದ ಮನಸ್ಸಿನಿಂದ ಎಲ್ಲರನ್ನೂ ಸಂಜೆಗೆ ಮುಂಚೆಯೇ ಮನೆಗೆ ಕಳಿಸಿದ. ದಾರಿಯುದ್ದಕ್ಕೂ ಅವಳ ತಲೆಯಲ್ಲಿದ್ದದ್ದು ಒಂದೇ: ಹಾಸಿಗೆ. ಬಾಗಿಲು ತೆರೆದ ಅತ್ತೆ, ಕೇಳುವ ಮೊದಲೇ ವರದಿ ಒಪ್ಪಿಸಿದರು. "ಶಾಲೆಯಿಂದ ಬಂದವಳು ಒಳಗೆ ಓದ್ತಾ ಇದ್ದಾಳೆ. ನಾನು ಇಲ್ಲಿಂದ ಕದಲಿಲ್ಲ. ಒಂದು ನೊಣಾನೂ ಆಚೆ ಹೋಗಿಲ್ಲ."

ಒಳಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು. ಪುಸ್ತಕ ತೆರೆದಿತ್ತು, ಮಗಳಿರಲಿಲ್ಲ. ಬಚ್ಚಲಲ್ಲಿ ಇಲ್ಲ, ಅಡುಗೆಮನೆಯಲ್ಲಿ ಇಲ್ಲ. ಬಾಲ್ಕನಿಯ ಬಾಗಿಲನ್ನು ಸದ್ದಾಗದಂತೆ ಮುಂದೆ ಮಾಡಿ, ಹೊರಗೆ ಕಂಬಿಯ ಬುಡದಲ್ಲಿ ಎರಡು ಚಪ್ಪಲಿಗಳನ್ನು ಜೋಡಿಸಿಟ್ಟಿತ್ತು. ಅದನ್ನು ನೋಡಿದ ಕ್ಷಣ ಅವಳಿಗೆ ಎಲ್ಲ ತಿಳಿಯಿತು. ಬರಿಗಾಲು, ಸಜ್ಜಾ, ಸಂದಿ, ತಾರಸಿ. ಆ ದಾರಿ ಮಾಡಿಟ್ಟವಳು ಅವಳೇ ತಾನೆ.

ಪಕ್ಕದ ತಾರಸಿಯ ಮೇಲೆ ನೀರಿನ ಟ್ಯಾಂಕಿಗೆ ಒರಗಿ ಮಗಳು ಕೂತಿದ್ದಳು. ಜತೆಗೆ ಯಾರೂ ಇಲ್ಲ. ಕೈಯಲ್ಲಿ ಫೋನಿಲ್ಲ, ಏನೂ ಇಲ್ಲ. ಕಾಲು ಚಾಚಿ, ಕಣ್ಣು ಮುಚ್ಚಿ, ಇಳಿಬಿಸಿಲಿಗೆ ಮುಖವೊಡ್ಡಿ ಸುಮ್ಮನೆ ಕೂತಿದ್ದಳು. ಇಬ್ಬರ ನಡುವೆ ಸಂದಿ. ಕೆಳಗೆ ಸ್ಕೂಟರುಗಳ ಸಾಲು, ಗೇಟಿನ ಮೇಲಿನ ಈಟಿಯಂಥ ಕಂಬಿಗಳು. ಆಟದೊಳಗೆ ಆ ಕಂಬಿಗಳನ್ನು ಅವಳು ಚಂದಕ್ಕೆಂದು ಹಾಕಿದ್ದಳು.

ಕೂಗಲು ಬಾಯಿ ತೆರೆದಳು. ಅಷ್ಟರಲ್ಲಿ ಮಗಳು ಎದ್ದಳು. ಲಂಗ ಕೊಡವಿಕೊಂಡಳು, ತಾರಸಿಯ ಅಡ್ಡಗೋಡೆ ಹತ್ತಿ ನಿಂತಳು, ಸಜ್ಜಾದ ಮೇಲೆ ಕಣ್ಣು ನೆಟ್ಟಳು. ಒಣಹಾಕಿದ ಚಾದರದ ಅಂಚಿನಿಂದ ಇಣುಕುತ್ತಿದ್ದ ಅಮ್ಮನನ್ನು ನೋಡಲಿಲ್ಲ. ವಾಪಸು ಬರುವುದೆಂದರೆ ತಗ್ಗಿನಿಂದ ಮೇಲಕ್ಕೆ ಹಾರಬೇಕು. ಆಫೀಸಿನಲ್ಲಿ ಎಲ್ಲರೂ ಬಿದ್ದದ್ದು ಅಲ್ಲಿಯೇ. ಮಗಳು ಪಾದವನ್ನು ಮುಂದಕ್ಕೆ ಸರಿಸಿದಳು. ಬೆರಳುಗಳು ಅಂಚಿನಾಚೆ ಬಂದವು. ಇನ್ನೂ ಮುಂದೆ ಸರಿಸಿದಳು, ಅರ್ಧ ಪಾದ ಗಾಳಿಯಲ್ಲಿ. ಈ ಭೂಮಿಯ ಮೇಲೆ ಯಾರಿಗೂ ಹಾಗೆ ನಿಂತು ದೂರ ಹಾರಲು ಬರುವುದಿಲ್ಲ. ಅದು ಗೊಂಬೆಗೆ ಮಾತ್ರ ಸಿಗುವ ದೂರ.

ತಾಯಿ ಚಾದರ ಸರಿಸಿದಳು. ಬೆಚ್ಚಿಸಿದರೂ ಕೆಟ್ಟಿತು, ಸುಮ್ಮನಿದ್ದರೂ ಕೆಟ್ಟಿತು. ಅಂಗಡಿಗೆ ಹೋಗಿ ಬಾ ಎನ್ನುವಷ್ಟು ಸಾದಾ ದನಿಯಲ್ಲಿ, "ಮಗಾ, ಕೆಳಗೆ ಇಳಿ. ಹಿಂದಕ್ಕೆ. ನಾನೇ ಅಲ್ಲಿಗೆ ಬರ್ತೀನಿ," ಎಂದಳು.

ಮಗಳ ಮೈ ಒಮ್ಮೆ ಓಲಾಡಿತು. ಆಮೇಲೆ ಅವಳು ಹಿಂದಕ್ಕೆ, ತಾರಸಿಯ ಕಡೆ ಇಳಿದಳು. ತಾಯಿ ಕಂಬಿ ಹಿಡಿದು ಒಂದೆರಡು ಉಸಿರು ಎಳೆದುಕೊಂಡಳು.

ಹಜಾರ ದಾಟುವಾಗ ಅತ್ತೆ, "ಈಗ ತಾನೆ ಬಂದ್ಯಲ್ಲ, ಮತ್ತೆಲ್ಲಿಗೆ?" ಎಂದರು. ಅವಳು ಆಗಲೇ ಮೆಟ್ಟಿಲಿಳಿಯುತ್ತಿದ್ದಳು. ಪಕ್ಕದ ಕಟ್ಟಡದ ಕಾವಲುಗಾರನಿಗೆ ಬಟ್ಟೆ ಹಾರಿ ತಾರಸಿಗೆ ಬಿದ್ದಿದೆ ಎಂದು ಸುಳ್ಳು ಹೇಳಿ ಬೀಗ ತೆಗೆಯಲು ಕೇಳಿದಳು. ಅವನು ತಾನೂ ಬರಲು ನೋಡಿದ, ಬೇಡ ಎಂದು ಬೀಗದ ಕೈ ಇಸಿದುಕೊಂಡಳು. ಮೆಟ್ಟಿಲು ಹತ್ತುವಾಗ ಮಂಡಿ ಕಟಕಟ ಎನ್ನುತ್ತಿತ್ತು. ಬೈಯಬೇಕು, ಎರಡು ಬಿಗಿಯಬೇಕು ಎಂದು ಮೊದಲ ಮಹಡಿಯವರೆಗೆ ಅಂದುಕೊಂಡಳು. ತಾರಸಿ ತಲುಪಿದಾಗ ಅದಕ್ಕೆ ಬೇಕಾದ ತ್ರಾಣವೂ ಉಳಿದಿರಲಿಲ್ಲ. ಮಗಳ ಪಕ್ಕ, ಟ್ಯಾಂಕಿಗೆ ಒರಗಿ ಕುಸಿದು ಕೂತಳು.

"ಎಷ್ಟು ದಿನದಿಂದ?"

"ತುಂಬಾ ದಿನದಿಂದ."

"ಇಲ್ಲಿಗೆ ಬಂದು ಏನ್ ಮಾಡ್ತೀಯ?"

"ಏನೂ ಇಲ್ಲ. ಯಾರೂ ನೋಡ್ತಾ ಇರಲ್ಲ, ಅಷ್ಟೆ."

ತಾಯಿ ಕಸುಬಿನ ಕಟ್ಟಳೆ ಮುರಿದಳು. ಕಾಲು ಗಾಳಿಗೆ ಹೋದಮೇಲೂ ಆಟ ಕಾಯುವುದನ್ನು, ಕೈ ಉದ್ದವಾಗುವುದನ್ನು, ತಡ ಮಾಡಿದರೆ ದೂರ ಸಿಗುವುದು ಬರೀ ಮೋಸ ಎಂಬುದನ್ನು ಬಿಡಿಸಿ ಬಿಡಿಸಿ ಹೇಳಿದಳು. "ನಿಂಗೆ ಅವತ್ತೇ ಹೇಳಬೇಕಾಗಿತ್ತು. ನಿನ್ನ ಖುಷಿ ನೋಡಿ ಬಾಯಿ ಬರಲಿಲ್ಲ."

ಮಗಳು ಮಂಡಿ ಮಡಚಿಕೊಂಡು ಕೇಳಿದಳು. "ಹಾಗಾದ್ರೆ ಆಟದಲ್ಲಿ ನಾನು ಒಂದ್ಸಲವೂ ಸರಿಯಾಗಿ ಹಾರಿಲ್ವಾ?"

"ಇಲ್ಲ."

"ಮತ್ತೆ ಇಲ್ಲಿ?"

"ಇಲ್ಲಿ ನೀನೇ ಹಾರಿದ್ದು. ಇಲ್ಲಿ ಹಿಡಿಯೋಕೆ ಯಾರೂ ಇರಲಿಲ್ಲ," ಎಂದಳು. ಅಳಬಾರದೆಂದರೂ ಅಳು ಬಂತು.

ಮಗಳು ಸಮಾಧಾನ ಮಾಡಲಿಲ್ಲ. ನೆಲ ನೋಡುತ್ತ, "ಆಟ ಬೇರೆ, ಇದು ಬೇರೆ ಅಂತ ನಂಗೂ ಗೊತ್ತಮ್ಮ. ನಾನೇನು ಮಗುವಲ್ಲ. ಪ್ರತಿ ಸಲವೂ ಹೆದರಿಕೆ ಆಗೋದು, ಬರುವಾಗ ಬೆರಳ ತುದಿ ಮಾತ್ರ ಸಜ್ಜಾಕ್ಕೆ ಸಿಗ್ತಿತ್ತು. ಬಾಗಿಲಿಂದ ಹೋಗೋಕೆ ಬಿಟ್ಟಿದ್ರೆ ಬಾಗಿಲಿಂದಾನೇ ಹೋಗ್ತಿದ್ದೆ. ನೀನು ಸರಿ ಅಂದುಬಿಟ್ಟೆ," ಎಂದಳು.

ಆ ಮಾತು ನಾಟಿತು. ಕಂಡು ಕೇಳರಿಯದ ಜನಕ್ಕೆ ಒಂದೊಂದು ಮನೆಗೂ ಮೂರು ದಾರಿ ತೆರೆದಿಟ್ಟವಳು, ಸ್ವಂತ ಮಗಳಿಗೆ ಇದ್ದ ಒಂದು ಬಾಗಿಲನ್ನು ತಟ್ಟೆ ತೊಳೆಯುತ್ತ ತೊಳೆಯುತ್ತ ಮುಚ್ಚಿದ್ದಳು. ದಣಿದಿದ್ದೆ ಎಂದು ಹೇಳೋಣವೆನ್ನಿಸಿತು. ನಿಜವೇ, ಆದರೆ ನೆಪದ ಹಾಗೆ ಕೇಳಿಸುತ್ತಿತ್ತು. ಎದ್ದು ಮಗಳತ್ತ ಕೈ ಚಾಚಿದಳು.

ಇಬ್ಬರೂ ಮೆಟ್ಟಿಲಿಳಿದು, ಮುಂಬಾಗಿಲಿಂದ ಮನೆಯೊಳಗೆ ಬಂದರು. ಅತ್ತೆಯ ಬಾಯಿ ತೆರೆದದ್ದು ತೆರೆದೇ ಇತ್ತು. "ಇವಳು ಒಳಗಿದ್ಲಲ್ಲೇ!" ಎಂದು ಮೂರು ಸಲ ಹೇಳಿ, ತನ್ನ ಕಣ್ಣಿನ ಬಗ್ಗೆಯೇ ಅನುಮಾನ ಬಂದವರ ಹಾಗೆ ಕನ್ನಡಕ ಒರೆಸಿಕೊಂಡರು.

ಗಂಡ ಬಂದಮೇಲೆ ಮಾತಾಯಿತು. ಅವನು ಬಾಲ್ಕನಿಗೆ ಹೋಗಿ ಸಂದಿ ನೋಡಿ ಬಂದ, ಬಂದವನ ಮುಖ ಬಿಳಿಚಿಕೊಂಡಿತ್ತು. "ನಾಳೆನೇ ಜಾಲರಿ ಹಾಕಿಸ್ತೀನಿ," ಎಂದ.

"ಹಾಕ್ಸಿ. ಆದರೆ ಬಾಗಿಲು ತೆರೆದಿಡಬೇಕು. ಸಂಜೆ ಅವಳು ಎಲ್ಲಿಗಾದ್ರೂ ಹೋಗಲಿ, ಕತ್ತಲಾಗೋ ಮುಂಚೆ ಬರಲಿ. ಎಲ್ಲಿಗೆ ಅಂತ ಕೇಳೋದು ಬೇಡ."

"ಪರೀಕ್ಷೆ?"

"ಅಂಕ ಬರದಿದ್ರೆ ಮತ್ತೆ ಬರೀತಾಳೆ. ಅದಕ್ಕೆ ಎರಡನೇ ಸಲ ಇದೆ."

ಅವನು ತಟ್ಟೆ ಸರಿಸಿ ಎದ್ದ.

ಆಫೀಸಿನಲ್ಲಿ ಅವಳು ಗೆದ್ದಳೆಂದು ಹೇಳಿದರೆ ಸುಳ್ಳಾಗುತ್ತದೆ. ಆ ರಿಯಾಯಿತಿ ತೆಗೆದುಬಿಡೋಣ ಎಂದು ನಡಿಗೆಯನ್ನು ಕೇಳಿದಳು. "ತೆಗೆದ್ರೆ ಯಾರೂ ಆಡಲ್ಲ ಅಕ್ಕಾ," ಎಂದ ಅವನು. ಅದು ನಿಜವೂ ಆಗಿತ್ತು, ಅವಳಿಗೆ ಜಗಳಕ್ಕೆ ಶಕ್ತಿಯೂ ಇರಲಿಲ್ಲ. ತನ್ನ ಮನೆಯನ್ನು ಮಾತ್ರ ಆಟದಿಂದ ಕಿತ್ತುಹಾಕಿ, ಎಲ್ಲೂ ಇಲ್ಲದ ಒಂದು ಕಟ್ಟಡವನ್ನು ಅದರ ಜಾಗದಲ್ಲಿಟ್ಟಳು. ಯಜಮಾನ ಮೇಜು ಕುಟ್ಟಿದ. ಕುಟ್ಟಲಿ ಎಂದು ಬಿಟ್ಟಳು.

ಭಾನುವಾರ ಸಂಜೆ ಮಗಳು ತಲೆ ಬಾಚಿಕೊಂಡು, "ಹೋಗಿಬರ್ತೀನಿ," ಎಂದಳು. ಅತ್ತೆ ಅಭ್ಯಾಸಬಲದಿಂದ "ಎಲ್ಲಿ..." ಎಂದು ಶುರುಮಾಡಿ, ಸೊಸೆಯ ಮುಖ ನೋಡಿ ಅರ್ಧಕ್ಕೆ ನುಂಗಿಕೊಂಡರು. ಗಂಡ ಪತ್ರಿಕೆಯಿಂದ ತಲೆಯೆತ್ತಲಿಲ್ಲ. ಮೆಟ್ಟಿಲ ಸದ್ದು ಕೆಳಗಿಳಿಯಿತು. ತಾಯಿಯ ಕಾಲು ತಾನಾಗಿಯೇ ಬಾಲ್ಕನಿಗೆ ನಡೆಯಿತು. ಹೊಸ ಜಾಲರಿಯ ಮೂಲಕ ಬೀದಿ ಕೊನೆಯ ತಿರುವಿನವರೆಗೂ ಕಾಣುತ್ತಿತ್ತು. ತಿರುವಿನಲ್ಲಿ ಎಡಕ್ಕೆ ಹೋಗುತ್ತಾಳೋ ಬಲಕ್ಕೋ, ಅದೊಂದು ತಿಳಿದರೆ ಸಾಕು, ಆಮೇಲೆ ಒಳಗೆ ಹೋಗುತ್ತೇನೆ ಎಂದುಕೊಂಡಳು.

ಮಗಳು ಗೇಟು ದಾಟಿ ನಾಲ್ಕು ಹೆಜ್ಜೆ ಹೋಗಿ ನಿಂತುಬಿಟ್ಟಳು. ತಲೆಯೆತ್ತಲಿಲ್ಲ, ಹಿಂತಿರುಗಲಿಲ್ಲ. ಬೆನ್ನಿನ ಮೇಲೆ ಕಣ್ಣಿದೆ ಎಂದು ಅವಳಿಗೆ ಗೊತ್ತಾಗಿತ್ತು. ಆ ಕಣ್ಣು ಹೋಗಲಿ ಎಂದು ಕಾಯುತ್ತಿದ್ದಳು.

ತಾಯಿ ಒಳಗೆ ಬಂದು ಬಾಲ್ಕನಿಯ ಬಾಗಿಲು ಹಾಕಿಕೊಂಡಳು. ಹೆದರಿಕೆ ಅವತ್ತಿಗಿಂತ ಒಂದು ಗುಲಗಂಜಿಯಷ್ಟೂ ಕಮ್ಮಿಯಿರಲಿಲ್ಲ. ಬೀದಿಯ ಕಡೆ ಕಿವಿಗೊಡದಿರಲೆಂದು ನಲ್ಲಿ ಬಿಟ್ಟು, ತೊಳೆದಿಟ್ಟಿದ್ದ ಪಾತ್ರೆಗಳನ್ನೇ ಮತ್ತೊಮ್ಮೆ ತೊಳೆಯತೊಡಗಿದಳು.